ಕಲ್ಲು ಕೊರೆದ ನೀರು



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಊರೂರುಗಳಿಂದ, ಹೊಲಮನೆಯ ಕೆಲಸ ಬಿಟ್ಟು, ದನಕರುಗಳಿಗೆ ಮೇವುನೀರಿನ ಏರ್ಪಾಡು ಮಾಡಿಟ್ಟು ನೀವೆಲ್ಲ ಇಲ್ಲಿ ಬಂದು ಸೇರಿದ್ದೀರಿ. ಪ್ರಸಾದ ಸ್ವೀಕರಿಸಿ ನೆಮ್ಮದಿಯಿಂದ ಕುಳಿತಿದ್ದೀರಿ. ಈ ಹೊತ್ತು ನಾವು ನಿಮ್ಮೊಡನೆ ಒಂದು ಕಮರಿಯ ವಿಚಾರ ಮಾತನಾಡಬೇಕೆಂದಿದ್ದೇವೆ. ಮಠಕ್ಕೆ ಬಂದವರಿಗೆ ಶಿವನ ವಿಚಾರ ಹೇಳುವುದು ಬಿಟ್ಟು ಹೊಳೆ ಕೊರೆದ ಕಮರಿಯ ವಿಚಾರವೇಕೆ ಎಂದು ನಿಮಗೆ ಅನ್ನಿಸಬಹುದು. ಶಿವನು ಓಲೆಗರಿಯ ಮೇಲೆ ಬರೆಸಿದ್ದಕ್ಕಿಂತ ಕಲ್ಲುಮಣ್ಣಿನ ಮೇಲೆ ತಾನೇ ಬರೆದದ್ದು ಹೆಚ್ಚು. ಅಕ್ಷರ ಬಾರದವರೂ ಓದಬಹುದಾದ ಬರಹ ಅದು. ಅದನ್ನು ಓದುವ ಕಣ್ಣು ನಮಗೆಲ್ಲ ಬರಲಿ ಎಂಬುದೇ ಇಂದಿನ ಮಾತಿನ ಉದ್ದೇಶ.

ನಿಮ್ಮಲ್ಲಿ ಹೊಳೆನರಸೀಪುರದ ಕಡೆಯವರು ಹೇಮಾವತಿಯ ನೀರು ಕುಡಿದು ಬೆಳೆದವರು. ಅರಕಲಗೂಡು ಸೀಮೆಯ ಕೊಣನೂರು, ರಾಮನಾಥಪುರದ ಕಡೆಯವರು ಕಾವೇರಿಯ ದಡದ ಮಕ್ಕಳು. ಹಾಸನದ ಮನೆಗಳ ನಲ್ಲಿಯಲ್ಲಿ ಬರುವುದೂ ಹೇಮಾವತಿಯೇ. ಚನ್ನರಾಯಪಟ್ಟಣದವರ ಊರ ಮುಂದೆ ಹೊಳೆ ಹರಿಯದಿದ್ದರೂ, ಗೊರೂರಿನ ಕಟ್ಟೆಯಿಂದ ನಾಲೆ ಹಿಡಿದು ಹೇಮಾವತಿ ಅವರ ಸೀಮೆಗೂ ಬಂದಿದ್ದಾಳೆ. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟಿದ ಹೊಳೆ ಸಕಲೇಶಪುರ ದಾಟಿ, ಯಗಚಿಯನ್ನು ಕೂಡಿಕೊಂಡು, ಗೊರೂರಿನಲ್ಲಿ ಒಂದಷ್ಟು ನಿಂತು, ಹೊಳೆನರಸೀಪುರವನ್ನು ಬಳಸಿ, ಕೊನೆಗೆ ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅದು ಹೇಮಾವತಿಯೂ ಅಲ್ಲ, ಕೊಡಗಿನ ಕಾವೇರಿಯೂ ಅಲ್ಲ. ಎಲ್ಲ ಒಂದೇ ನೀರು.

ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಬಹಳ ಮಂದಿ ಯೋಚಿಸುವುದಿಲ್ಲ. ನಮ್ಮ ಗದ್ದೆಯ ಮಡೆ ದಾಟಿದ ಮೇಲೆ ನೀರಿನ ಚಿಂತೆ ನಮಗಿಲ್ಲ. ಅದು ಶ್ರೀರಂಗಪಟ್ಟಣವನ್ನು ಸುತ್ತಿ, ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿ, ತಲಕಾಡಿನ ಮರಳನ್ನು ಹಾಯ್ದು, ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುತ್ತದೆ. 1902ರಲ್ಲಿ ಅಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತು. ಆಮೇಲೆ ಶಿಂಷೆ ಬಂದು ಸೇರುತ್ತಾಳೆ. ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿ ಬಂದು ಸೇರುತ್ತಾಳೆ. ಸಂಗಮದಿಂದ ಕೆಲವೇ ಕಿಲೋಮೀಟರು ಮುಂದೆ ಹೋದರೆ ಮೇಕೆದಾಟು.

ಮೇಕೆದಾಟನ್ನು ನೋಡಿದವರು ನಿಮ್ಮಲ್ಲಿ ಇದ್ದೀರಿ. ಅಷ್ಟಗಲ ಹರಡಿಕೊಂಡು ಬಂದ ಕಾವೇರಿ ಅಲ್ಲಿ ಇದ್ದಕ್ಕಿದ್ದಂತೆ ಒಂದು ಕಲ್ಲಿನ ಬಿರುಕಿನೊಳಗೆ ಇಳಿದುಬಿಡುತ್ತಾಳೆ. ಎರಡು ಕಡೆಯೂ ಕಪ್ಪಗೆ, ನುಣ್ಣಗೆ ಸವೆದ ಬಂಡೆಯ ಗೋಡೆ. ಹುಲಿ ಅಟ್ಟಿಸಿಕೊಂಡು ಬಂದಾಗ ಒಂದು ಮೇಕೆ ಈ ದಡದಿಂದ ಆ ದಡಕ್ಕೆ ನೆಗೆದು ಬದುಕಿತು ಎಂದು ಜನ ಕತೆ ಹೇಳುತ್ತಾರೆ. ಹೊಳೆ ಅಷ್ಟು ಕಿರಿದು. ಬೇಸಿಗೆಯಲ್ಲಿ ನೋಡಿದರೆ ಸದ್ದಿಲ್ಲದೆ ಹರಿಯುವಂತೆ ಕಾಣುತ್ತದೆ. ಆದರೆ ಅಗಲ ಕಡಿಮೆಯಾದ ಕಡೆ ಆಳವೂ ಸೆಳೆತವೂ ಹೆಚ್ಚು. ಅದನ್ನರಿಯದೆ ಕಲ್ಲಿನ ಮೇಲೆ ಕಾಲು ಜಾರಿ, ಸುಳಿಗೆ ಸಿಕ್ಕಿ ಎಷ್ಟೋ ಎಳೆಯ ಜೀವಗಳು ಹೋಗಿವೆ. ಅಲ್ಲಿಗೆ ಹೋಗುವ ಹುಡುಗರು ದೂರದಲ್ಲೇ ನಿಂತು ನೋಡಿ ಬರಬೇಕೆಂದು ಈ ಸಂದರ್ಭದಲ್ಲೇ ಹೇಳಿಬಿಡುತ್ತೇವೆ.

ಆ ಬಂಡೆಯನ್ನು ಕೊರೆದವರು ಯಾರು? ಉಳಿಯಿಲ್ಲ, ಸುತ್ತಿಗೆಯಿಲ್ಲ, ಮದ್ದಿಲ್ಲ. ನೀರು ಕೊರೆಯಿತು ಎನ್ನುತ್ತೇವೆ. ಹಾಗಾದರೆ ಮನೆಯ ಒರಳಿನಲ್ಲಿ ಒಂದು ಚೊಂಬು ನೀರು ಹಾಕಿಟ್ಟರೆ ಒರಳು ತೂತಾಗುತ್ತದೆಯೇ? ಇಲ್ಲ. ಬರಿಯ ನೀರಿಗೆ ಬಂಡೆಯನ್ನು ಕೊರೆಯುವ ಬಲ ಬಹಳ ಕಡಿಮೆ. ನೀರು ತನ್ನೊಡನೆ ಹೊತ್ತು ತರುವ ಮರಳು, ಗರಸು, ಗುಂಡುಕಲ್ಲು ಕೊರೆಯುತ್ತವೆ. ಬಂಡೆಯಲ್ಲಿ ಒಂದು ಸಣ್ಣ ತಗ್ಗು ಇರುತ್ತದೆ. ಪ್ರವಾಹದ ಕಾಲದಲ್ಲಿ ಅದರೊಳಗೆ ಒಂದು ಗುಂಡುಕಲ್ಲು ಬಂದು ಬೀಳುತ್ತದೆ. ನೀರಿನ ಸುಳಿ ಆ ಕಲ್ಲನ್ನು ಗಿರಗಿರನೆ ತಿರುಗಿಸುತ್ತದೆ. ತಿರುಗಿ ತಿರುಗಿ ತಗ್ಗು ಬೋಗುಣಿಯಾಗುತ್ತದೆ, ಬೋಗುಣಿ ಕೊಪ್ಪರಿಗೆಯಾಗುತ್ತದೆ. ಆ ಗುಂಡುಕಲ್ಲೂ ಸವೆದು ಮರಳಾಗಿ ಹೋಗುತ್ತದೆ. ಮುಂದಿನ ಮಳೆಗಾಲಕ್ಕೆ ಇನ್ನೊಂದು ಕಲ್ಲು ಬಂದು ಅದೇ ಕೆಲಸಕ್ಕೆ ನಿಲ್ಲುತ್ತದೆ. ಒಂದರ ಪಕ್ಕದಲ್ಲಿ ಇನ್ನೊಂದು ಕೊಪ್ಪರಿಗೆ ಬೆಳೆದು, ನಡುವಿನ ಗೋಡೆ ಒಡೆದು, ಎರಡು ಒಂದಾಗಿ, ಹತ್ತು ಒಂದಾಗಿ ಕೊನೆಗೆ ಹೊಳೆಗೆ ಹಾದಿಯಾಗುತ್ತದೆ.

ತಾಯಂದಿರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಈಗ ಮಿಲ್ಲುಗಳು ಬಂದಿವೆ. ಆದರೆ ವಯಸ್ಸಾದ ತಾಯಂದಿರು ಬೀಸುವ ಕಲ್ಲಿನ ಮುಂದೆ ಕೂತು ರಾಗಿ ಬೀಸಿದವರು. ರಾಗಿ ಎಷ್ಟು ದೊಡ್ಡದು? ಸಾಸಿವೆಯಷ್ಟು. ಆ ರಾಗಿಯನ್ನು ಬೀಸಿ ಬೀಸಿ ಕಲ್ಲು ಸವೆದು ನುಣುಪಾಗಿ, ಹಿಟ್ಟು ಬೀಳದಾಗುತ್ತಿತ್ತು. ಆಗ ಕಲ್ಲುಕುಟಿಗರನ್ನು ಕರೆದು ಮತ್ತೆ ಉಳಿ ಹಾಕಿಸಬೇಕಾಗುತ್ತಿತ್ತು. ಕಲ್ಲು ರಾಗಿಯನ್ನು ಅರೆಯುತ್ತದೆ ಎಂದು ನಾವು ತಿಳಿದಿದ್ದೆವು. ರಾಗಿಯೂ ಕಲ್ಲನ್ನು ಅರೆಯುತ್ತಿತ್ತು. ಮೇಕೆದಾಟಿನಲ್ಲಿ ನಡೆದಿರುವುದೂ ಅದೇ.

ಇನ್ನು ಲೋಕದಲ್ಲೆಲ್ಲ ಹೆಸರಾದ ದೊಡ್ಡ ಕಮರಿಯೊಂದಿದೆ. ಅಮೆರಿಕ ದೇಶದ ಅರಿಜೋನ ರಾಜ್ಯದಲ್ಲಿ ಕೊಲರಾಡೊ ಎಂಬ ನದಿ ಕೊರೆದದ್ದು. ಗ್ರ್ಯಾಂಡ್ ಕ್ಯಾನಿಯನ್ ಎಂದು ಅದನ್ನು ಕರೆಯುತ್ತಾರೆ. ಅದರ ಉದ್ದ 446 ಕಿಲೋಮೀಟರು. ಬೆಂಗಳೂರಿನಿಂದ ಹೊರಟರೆ ಹುಬ್ಬಳ್ಳಿಯನ್ನೂ ದಾಟಿ ಹೋಗಬೇಕು. ಅಗಲವಾದ ಕಡೆ ಈ ಅಂಚಿನಿಂದ ಆ ಅಂಚಿಗೆ 29 ಕಿಲೋಮೀಟರು. ಹೆಚ್ಚುಕಡಿಮೆ ಹಾಸನದಿಂದ ಹೊಳೆನರಸೀಪುರಕ್ಕೆ ಹೋದಷ್ಟು. ಆಳ ಒಂದೂವರೆ ಕಿಲೋಮೀಟರಿಗೂ ಮೀರಿದ್ದು. ಚನ್ನರಾಯಪಟ್ಟಣದವರು ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಹತ್ತಿದ್ದೀರಿ. ಹತ್ತುವಾಗ ಏದುಸಿರು ಬಂದಿರುತ್ತದೆ. ಬಯಲಿನಿಂದ ಅದರ ಎತ್ತರ 470 ಅಡಿ. ಅಂಥ ಹತ್ತು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಆ ಕಮರಿ ಬಾಯಿತುಂಬುವುದಿಲ್ಲ.

ಅಮೆರಿಕದಲ್ಲಿರುವ ನಮ್ಮ ಶಿಷ್ಯರೊಬ್ಬರು ರಜೆಯಲ್ಲಿ ಬಂದಾಗ ಅದರ ಚಿತ್ರಗಳನ್ನು ತಂದು ತೋರಿಸಿದರು. ನಮ್ಮ ಪಕ್ಕದಲ್ಲಿ ಒಬ್ಬ ವಯಸ್ಸಾದ ಒಕ್ಕಲಿನ ಯಜಮಾನರು ಕುಳಿತಿದ್ದರು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, “ಬುದ್ಧೀ, ಇದ್ರಲ್ಲಿ ಏನೈತೆ? ನಮ್ಮ ಹೊಲ್ದಾಗೂ ಇಂಥದೇ ಕೊರಕ್ಲು ಬಿದ್ದೈತೆ. ಇದು ವಸಿ ದೊಡ್ಡದು” ಎಂದರು. ಅಲ್ಲಿದ್ದವರೆಲ್ಲ ನಕ್ಕರು. ನಮಗೆ ನಗು ಬರಲಿಲ್ಲ. ಯಜಮಾನರ ಮಾತು ನಿಜವಾಗಿತ್ತು. ಅದರ ವಿಚಾರಕ್ಕೆ ಆಮೇಲೆ ಬರುತ್ತೇವೆ.

ಅಷ್ಟು ಆಳವನ್ನು ನದಿ ಎಷ್ಟು ಕಾಲದಲ್ಲಿ ಕೊರೆಯಿತು? ಈಗ ಕಾಣುವ ಕಮರಿಯ ಹೆಚ್ಚಿನ ಭಾಗ ಕಳೆದ 50-60 ಲಕ್ಷ ವರ್ಷಗಳಲ್ಲಿ ಆದದ್ದೆಂದು ಬಹುಮಂದಿ ಭೂವಿಜ್ಞಾನಿಗಳು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ವರ್ಷಕ್ಕೆ ನಮ್ಮ ಉಗುರಿನ ದಪ್ಪದಷ್ಟು ಕೂಡ ಬರುವುದಿಲ್ಲ. ಒಬ್ಬ ಮನುಷ್ಯ ಹುಟ್ಟಿ, ಬೆಳೆದು, ಮುದುಕನಾಗಿ ಸಾಯುವವರೆಗೆ ಅದರ ದಡದಲ್ಲೇ ಕೂತು ನೋಡುತ್ತಿದ್ದರೂ ಏನೂ ಆಗಲಿಲ್ಲ ಎಂದೇ ಹೇಳಿ ಹೋಗುತ್ತಾನೆ. ಆದರೆ ನದಿ ಒಂದು ದಿನವೂ ಸುಮ್ಮನಿರಲಿಲ್ಲ. ಇನ್ನೊಂದು ಮಾತು. ನದಿ ಕೊರೆದದ್ದು ಆಳವನ್ನು ಮಾತ್ರ. ಅಗಲವನ್ನು ಮಾಡಿದವರು ಬೇರೆ: ಮೇಲಿನಿಂದ ಬಿದ್ದ ಮಳೆ, ಬಿರುಕಿನಲ್ಲಿ ಹೆಪ್ಪುಗಟ್ಟಿ ಕಲ್ಲನ್ನು ಸೀಳುವ ಚಳಿಗಾಲದ ನೀರು, ಪಕ್ಕದಿಂದ ಬಂದು ಸೇರುವ ಹಳ್ಳಗಳು. ಒಬ್ಬರು ಆಳಕ್ಕೆ ಇಳಿದರೆ ಸುತ್ತಲಿನವರು ತಾವಾಗಿ ಬಂದು ಕೈಗೂಡಿಸುತ್ತಾರೆ. ಒಳ್ಳೆಯ ಕೆಲಸದಲ್ಲಿಯೂ ಹೀಗೆಯೇ, ಕೆಟ್ಟ ಕೆಲಸದಲ್ಲಿಯೂ ಹೀಗೆಯೇ.

ಆ ಕಮರಿಯ ಗೋಡೆ ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿದೆ. ಮೇಲಿನದು ಹೊಸದು, ಕೆಳಕ್ಕೆ ಹೋದಷ್ಟೂ ಹಳೆಯದು. ತೀರ ತಳದ ಕಲ್ಲು ಸುಮಾರು 180 ಕೋಟಿ ವರ್ಷದಷ್ಟು ಹಳೆಯದು. ಅದನ್ನು ನೋಡಲು ವರ್ಷ ವರ್ಷವೂ ದೇಶದೇಶಗಳಿಂದ ಲಕ್ಷಾಂತರ ಜನ ಹೋಗುತ್ತಾರೆ. ಹೋಗಲಿ, ಒಳ್ಳೆಯದು. ಆದರೆ ನಿಮ್ಮ ಕಾಲಕೆಳಗಿನ ಕಲ್ಲಿನ ವಯಸ್ಸು ನಿಮಗೆ ಗೊತ್ತೇ? ಗೊರೂರು, ಹೊಳೆನರಸೀಪುರದ ಸುತ್ತಮುತ್ತಲಿನ ಕಲ್ಲುಗಳಲ್ಲಿ 300 ಕೋಟಿ ವರ್ಷಕ್ಕೂ ಮೀರಿದವು ಇವೆ. ಭೂಗರ್ಭಶಾಸ್ತ್ರ ಓದಿದವರಿಗೆ ಹೊಳೆನರಸೀಪುರದ ಹೆಸರು ಚೆನ್ನಾಗಿ ಗೊತ್ತು. ಅಮೆರಿಕದವರು ಒಂದೂವರೆ ಕಿಲೋಮೀಟರು ಕೆಳಗಿಳಿದು ಯಾವ ಹಳೆಯ ಕಲ್ಲನ್ನು ಮುಟ್ಟಿ ಬೆರಗಾಗುತ್ತಾರೋ, ಅದಕ್ಕಿಂತ ಬಹಳ ಹಳೆಯ ಕಲ್ಲಿನ ಮೇಲೆ ನಮ್ಮ ಹೆಣ್ಣುಮಕ್ಕಳು ಹೊಳೆದಡದಲ್ಲಿ ಬಟ್ಟೆ ಒಗೆಯುತ್ತಾರೆ! ಅಷ್ಟು ಹಳೆಯ ನೆಲದ ಮೇಲೆ ನಿಂತು, ಅರವತ್ತು ಎಪ್ಪತ್ತು ವರ್ಷ ಬದುಕುವ ನಾವು, ಇದು ನನ್ನದು ಅದು ನಿನ್ನದು ಎಂದು ಜಗಳಾಡುತ್ತೇವೆ. ಕಮರಿಯ ಮಹತ್ವದಲ್ಲಿ ಮೊದಲನೆಯದು ಇದು: ಅದು ನಮ್ಮ ಅಳತೆಯನ್ನು ನಮಗೆ ತೋರಿಸಿಕೊಡುತ್ತದೆ.

ಎರಡನೆಯದು ಇನ್ನೂ ಸ್ವಾರಸ್ಯವಾದುದು. ಆ ದೊಡ್ಡ ಕಮರಿಯ ನಡುವೆ ಅಲ್ಲಲ್ಲಿ ಸವೆಯದೆ ಉಳಿದ ಶಿಖರಗಳಿವೆ. ಅವುಗಳಲ್ಲಿ ಒಂದಕ್ಕೆ ಶಿವ ದೇವಾಲಯ ಎಂಬ ಹೆಸರು. ಅಲ್ಲಿ ಗುಡಿಯಿಲ್ಲ, ಲಿಂಗವಿಲ್ಲ. 1882ರಲ್ಲಿ ಆ ಕಮರಿಯನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದ ಕ್ಲಾರೆನ್ಸ್ ಡಟ್ಟನ್ ಎಂಬ ಭೂವಿಜ್ಞಾನಿ, ಆ ಭವ್ಯತೆಗೆ ತಕ್ಕ ಹೆಸರನ್ನು ಹುಡುಕಿ ನಮ್ಮ ದೇಶದ ಕಡೆಗೆ ನೋಡಿದ. ಆ ಶಿಖರದ ಸುತ್ತ ಕಡಿದಾದ ಗೋಡೆ, ಮೇಲೆ ಕಾಡು ಬೆಳೆದ ಸಮತಟ್ಟು ನೆಲ. ಸಾವಿರಾರು ವರ್ಷಗಳಿಂದ ಬೇರೆಯಾಗಿ ಉಳಿದಿರುವ ಆ ನೆತ್ತಿಯ ಮೇಲಿನ ಪ್ರಾಣಿಗಳು ಬೇರೆಯ ಜಾತಿಯೇ ಆಗಿರಬೇಕು ಎಂದು ವಿದ್ವಾಂಸರಿಗೆ ಕುತೂಹಲ ಹುಟ್ಟಿತು. 1937ರಲ್ಲಿ ನ್ಯೂಯಾರ್ಕಿನ ನಿಸರ್ಗ ಇತಿಹಾಸದ ವಸ್ತುಸಂಗ್ರಹಾಲಯದವರು ಹೆರಾಲ್ಡ್ ಆಂಟನಿ ಎಂಬುವರ ನೇತೃತ್ವದಲ್ಲಿ ಹತ್ತಿ ನೋಡಿದರು. ಪತ್ರಿಕೆಗಳೆಲ್ಲ ಕಾದು ಕುಳಿತವು. ಸಿಕ್ಕಿದ್ದೇನು? ಕೆಳಗಿನ ಇಲಿಗಳಂಥವೇ ಇಲಿಗಳು, ಕೆಳಗಿನ ಮೊಲಗಳಂಥವೇ ಮೊಲಗಳು. ಹಿಂದಿನ ಕಾಲದ ಆದಿವಾಸಿ ಜನ ಅಲ್ಲಿಗೆ ಬಂದು ಹೋಗಿದ್ದ ಗುರುತುಗಳೂ ಸಿಕ್ಕವು.

ನೋಡಿದಿರಾ! ನಡುವೆ ಅಷ್ಟು ಆಳದ ಕಂದರವಿದ್ದರೂ ಮೇಲಿನ ಜೀವ ಬೇರೆಯಾಗಲಿಲ್ಲ, ಕೆಳಗಿನ ಜೀವ ಬೇರೆಯಾಗಲಿಲ್ಲ. ಮನುಷ್ಯರು ಮಾತ್ರ ಒಂದೇ ಊರಿನಲ್ಲಿ, ಒಂದೇ ಕೆರೆಯ ನೀರು ಕುಡಿದು, ಆ ಕೇರಿ ಬೇರೆ ಈ ಕೇರಿ ಬೇರೆ, ಆ ಕುಲ ಮೇಲು ಈ ಕುಲ ಕೀಳು ಎಂದುಕೊಂಡು ಕಮರಿ ತೋಡಿಕೊಂಡಿದ್ದೇವೆ. ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ಆ ಕಮರಿಯನ್ನು ಮುಚ್ಚಲು ತಮ್ಮ ಪ್ರಾಣವನ್ನೇ ಒತ್ತೆಯಿಟ್ಟರು. ಅವರ ಹೆಸರು ಹೇಳಿಕೊಂಡು ಬದುಕುವ ನಾವು ಅದನ್ನು ಮತ್ತೆ ಅಗೆಯಬಾರದು.

ಇನ್ನು ಮೂರನೆಯ ವಿಚಾರ. ನಾವು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಇದು. ಕಮರಿಯ ಗುಟ್ಟು ಇರುವುದು ನಿತ್ಯದಲ್ಲಿ. ನಿತ್ಯವೂ ಒಂದೇ ಜಾಗದಲ್ಲಿ, ಒಂದೇ ದಿಕ್ಕಿನಲ್ಲಿ ಸಾಗುವ ಸಣ್ಣ ಕೆಲಸ ಎಷ್ಟು ದೊಡ್ಡದನ್ನು ಬೇಕಾದರೂ ಮಾಡುತ್ತದೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ದಿನಕ್ಕೆ ಅರ್ಧ ಗಳಿಗೆ ದೃಷ್ಟಿ ನಿಲ್ಲಿಸಿ ಎಂದು ನಾವು ಹೇಳುತ್ತೇವೆ. ಕೆಲವರು ಹತ್ತು ದಿನ ಮಾಡಿ ಬಂದು, “ಬುದ್ಧೀ, ಮನಸ್ಸು ನಿಲ್ಲಲಿಲ್ಲ, ಏನೂ ಆಗಲಿಲ್ಲ” ಎನ್ನುತ್ತಾರೆ. ಹತ್ತು ದಿನದಲ್ಲಿ ಆಗಲು ಅದೇನು ಹುರುಳಿಯ ಮೊಳಕೆಯೇ? ಜನ್ಮದಿಂದ ಗಟ್ಟಿಯಾಗಿ ಕೂತ ಬಂಡೆ ನಮ್ಮ ಮನಸ್ಸು. ದಿನದಿನದ ಪೂಜೆ, ದಿನದಿನದ ಪ್ರಾಮಾಣಿಕ ಕಾಯಕ, ದಿನದಿನದ ಒಂದು ಹಿಡಿ ದಾಸೋಹ, ಇವೆಲ್ಲ ಸುಳಿಯೊಳಗಿನ ಗುಂಡುಕಲ್ಲುಗಳು. ಕೊರೆಯುತ್ತಿರುವುದು ನಮಗೆ ಕಾಣುವುದಿಲ್ಲ. ಒಂದು ದಿನ ಒಳಗೆ ಹಾದಿ ಆಗಿರುತ್ತದೆ.

ಆದರೆ ಭಕ್ತರೇ, ಕಾಲಕ್ಕೆ ಪಕ್ಷಪಾತವಿಲ್ಲ. ಒಳ್ಳೆಯದು ಹೇಗೆ ಹನಿ ಹನಿಯಾಗಿ ಕೊರೆಯುತ್ತದೆಯೋ ಕೆಟ್ಟದ್ದೂ ಹಾಗೆಯೇ ಕೊರೆಯುತ್ತದೆ. ಸಂತೆಯ ದಿನ ಒಂದು ಲೋಟ ಎಂದು ಕುಡಿಯಲು ಹಿಡಿದವನ ಮನೆ ಒಂದು ದಿನದಲ್ಲಿ ಮುಳುಗುವುದಿಲ್ಲ. ಹಬ್ಬಕ್ಕೆ, ಮದುವೆಗೆ ಎಂದು ಸಣ್ಣ ಸಣ್ಣ ಸಾಲ ಮಾಡಿದವನ ಹೊಲ ಒಂದು ದಿನದಲ್ಲಿ ಪರರ ಪಾಲಾಗುವುದಿಲ್ಲ. ಮನೆಯೊಳಗೆ ದಿನಕ್ಕೊಂದು ಚುಚ್ಚುಮಾತು ಆಡಿದರೆ ಆ ದಿನ ಏನೂ ಆದಂತೆ ಕಾಣುವುದಿಲ್ಲ. ಕಂಡಾಗ ನಡುವೆ ದಾಟಲಾಗದ ಕಮರಿ ಬಿದ್ದಿರುತ್ತದೆ.

ಇದಕ್ಕೆ ನಾವು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇವೆ. ಊರು ಹೆಸರು ಬೇಡ. ಅಣ್ಣ ತಮ್ಮ ಇಬ್ಬರು ಮಠಕ್ಕೆ ನ್ಯಾಯಕ್ಕೆ ಬಂದರು. ತಂದೆ ಹೋದ ಮೇಲೆ ಐದು ಎಕರೆ ಇಳಿಜಾರಿನ ಹೊಲವನ್ನು ಹಂಚಿಕೊಂಡು, ನಡುವೆ ಒಂದು ಬದು ಹಾಕಿಕೊಂಡಿದ್ದರು. ತಮ್ಮ ಹೇಳಿದ: “ಬುದ್ಧೀ, ನಮ್ಮಣ್ಣ ವರ್ಷಾವರ್ಷಾ ಬದೂನೇ ಉತ್ಕೊಂಡು ಬತ್ತಾವ್ನೆ.” ಅಣ್ಣ ಸುಮ್ಮನಿರಲಿಲ್ಲ: “ಇವನೇನ್ ಕಮ್ಮಿನಾ ಬುದ್ಧಿ? ಇವನ ಕಡೆಯಿಂದ್ಲೂ ಒಂದು ಸಾಲು ಒಳಕ್ಕೆ ಬರ್ತಾನೇ ಐತೆ.” ನಾವು ಇಬ್ಬರನ್ನೂ ಕರೆದುಕೊಂಡು ಹೊಲಕ್ಕೆ ಹೋಗಿ ನೋಡಿದೆವು. ಇಬ್ಬರ ಮಾತೂ ನಿಜ. ವರ್ಷಕ್ಕೊಂದು ನೇಗಿಲ ಸಾಲು ಆ ಕಡೆಯಿಂದ, ಒಂದು ಸಾಲು ಈ ಕಡೆಯಿಂದ. ಒಬ್ಬೊಬ್ಬರಿಗೂ ಗೇಣು ನೆಲ ಸಿಕ್ಕಿತೆಂಬ ಸಂತೋಷ. ಹದಿನೈದು ವರ್ಷದಲ್ಲಿ ಬದು ಎಂಬುದೇ ಇಲ್ಲ. ಬದು ಇದ್ದ ಜಾಗದಲ್ಲಿ ಮಳೆಯ ನೀರು ಹಾದಿ ಮಾಡಿಕೊಂಡು, ಸೊಂಟದಾಳದ ಕೊರಕಲು ಬಿದ್ದಿತ್ತು. ತಂದೆ ಗೊಬ್ಬರ ಹೊತ್ತು ಹಾಕಿ ಮಾಡಿದ್ದ ಕೆಮ್ಮಣ್ಣು ಕೆಳಗಿನ ಹಳ್ಳಕ್ಕೆ ಹೋಗಿ, ಅಂಚಿನಲ್ಲಿ ಗರಸು ಎದ್ದಿತ್ತು. ಗೇಣು ನೆಲಕ್ಕೆ ಕೈ ಹಾಕಿ ಇಬ್ಬರೂ ಮಾರು ನೆಲ ಕಳೆದುಕೊಂಡಿದ್ದರು.

ನಾವು ಯಾರ ಪರವೂ ನ್ಯಾಯ ಹೇಳಲಿಲ್ಲ. ಇಬ್ಬರೂ ಸೇರಿ ಆ ಕೊರಕಲಿಗೆ ಅಲ್ಲಲ್ಲಿ ಅಡ್ಡಲಾಗಿ ಕಲ್ಲು ಜೋಡಿಸಿ ಕಟ್ಟಬೇಕು, ಬದುವನ್ನು ಮೊದಲಿದ್ದ ಕಡೆಯೇ ಹಾಕಬೇಕು, ಅದಾದ ಮೇಲೆ ಮಠಕ್ಕೆ ಬನ್ನಿ ಎಂದು ಹೇಳಿ ಬಂದೆವು. ಒಂದು ಬೇಸಿಗೆ ಪೂರ ಇಬ್ಬರೂ ಕಲ್ಲು ಹೊತ್ತರು. ಮೊದಲ ವಾರ ಮಾತಿಲ್ಲವಂತೆ. ಭಾರದ ಕಲ್ಲನ್ನು ಒಬ್ಬನೇ ಎತ್ತಲಾಗದೆ, “ಅಣ್ಣಾ, ಈ ಕಡೆ ವಸಿ ಹಿಡಿ” ಎಂದನಂತೆ ತಮ್ಮ. ಅಲ್ಲಿಗೆ ನ್ಯಾಯ ಮುಗಿಯಿತು. ಎರಡು ಮಳೆಗಾಲ ಕಳೆದು ನೋಡಿದಾಗ ಕಲ್ಲಿನ ಹಿಂದೆ ಮಣ್ಣು ಬಂದು ನಿಂತಿತ್ತು, ಹುಲ್ಲು ಹತ್ತಿತ್ತು. ನೀರಿಗೆ ಕೊರೆಯುವುದೂ ಗೊತ್ತು, ತಡೆದರೆ ತುಂಬಿಕೊಡುವುದೂ ಗೊತ್ತು.

ಈಗ ಆ ಯಜಮಾನರ ಮಾತಿಗೆ ಬರೋಣ. ಅಮೆರಿಕದ ಕಮರಿಯೂ ಹೊಲದ ಕೊರಕಲೂ ಒಂದೇ ಕೈ ಮಾಡಿದ ಕೆಲಸ. ವ್ಯತ್ಯಾಸವೆಂದರೆ ಬಂಡೆಯಲ್ಲಿ ಅದಕ್ಕೆ ಲಕ್ಷಾಂತರ ವರ್ಷ ಬೇಕು, ನಮ್ಮ ಹೊಲದ ಮಣ್ಣಿನಲ್ಲಿ ಐದು ಮಳೆಗಾಲ ಸಾಕು. ಅಲ್ಲಿ ಹೋದದ್ದು ಕಲ್ಲು. ಅದರಿಂದ ಲೋಕಕ್ಕೆ ಒಂದು ಬೆರಗು ಉಳಿಯಿತು. ಇಲ್ಲಿ ಹೋಗುವುದು ಮೇಲ್ಮಣ್ಣು; ಅದರಿಂದ ಉಳಿಯುವುದು ಬಡತನ. ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕೆಂದು ತಿಳಿದವರು ಹೇಳುತ್ತಾರೆ. ಅದನ್ನು ಒಂದು ಜೋರು ಮಳೆಯ ಸಂಜೆ ತೊಳೆದುಕೊಂಡು ಹೋಗಬಲ್ಲದು. ಒಂದು ಕಾಲಕ್ಕೆ ಆಲೂಗಡ್ಡೆಗೆ ಹೆಸರಾಗಿದ್ದ ನಮ್ಮ ಸೀಮೆ ಈಗ ಬಹುಮಟ್ಟಿಗೆ ಜೋಳಕ್ಕೆ, ಶುಂಠಿಗೆ ತಿರುಗಿದೆ. ಬೆಳೆ ಯಾವುದನ್ನಾದರೂ ಬೆಳೆಯಿರಿ. ಆದರೆ ಇಳಿಜಾರಿನ ಹೊಲವನ್ನು ಮೇಲಿನಿಂದ ಕೆಳಕ್ಕೆ ಉತ್ತು ಸಾಲು ಬಿಟ್ಟರೆ, ಅಥವಾ ಹಾಗೆಯೇ ಏರುಮಡಿ ಮಾಡಿದರೆ, ಪ್ರತಿಯೊಂದು ಸಾಲೂ ಒಂದು ಮರಿ ಕಮರಿ. ಗುತ್ತಿಗೆಗೆ ಕೊಟ್ಟ ಹೊಲ ಎಂದು ಕಣ್ಣು ಮುಚ್ಚಿಕೊಂಡಿರಬೇಡಿ. ಗುತ್ತಿಗೆದಾರ ಹಣ ಕೊಟ್ಟು ಹೋಗುತ್ತಾನೆ. ಹೋದ ಮಣ್ಣನ್ನು ಯಾರೂ ತಂದುಕೊಡುವುದಿಲ್ಲ.

ಆ ಮಣ್ಣು ಎಲ್ಲಿಗೆ ಹೋಗುತ್ತದೆ? ಊರ ಕೆರೆಗೆ ಹೋಗಿ ಹೂಳಾಗುತ್ತದೆ. ಗೊರೂರಿನ ಜಲಾಶಯಕ್ಕೆ ಹೋಗಿ ತಳದಲ್ಲಿ ಕೂರುತ್ತದೆ. 1979ರಲ್ಲಿ ಮುಗಿದ ಆ ಕಟ್ಟೆ ಸುಮಾರು 37 ಟಿ.ಎಂ.ಸಿ. ಅಡಿ ನೀರಿಗೆಂದು ಕಟ್ಟಿದ್ದು. ಅದಕ್ಕಾಗಿ ಎಷ್ಟೋ ಊರುಗಳ ಜನ ಮನೆ, ಹೊಲ, ಗುಡಿ ಬಿಟ್ಟು ಎದ್ದು ಹೋದರು. ಅವರು ತ್ಯಾಗ ಮಾಡಿ ಕೊಟ್ಟ ಜಾಗದಲ್ಲಿ ನೀರು ನಿಲ್ಲಬೇಕು. ನಮ್ಮ ಅಜಾಗರೂಕತೆಯ ಮಣ್ಣು ನಿಲ್ಲಬಾರದು. ಮೇಕೆದಾಟಿನಲ್ಲಿಯೂ ಒಂದು ಅಣೆಕಟ್ಟು ಕಟ್ಟುವ ವಿಚಾರವಾಗಿ ಎರಡು ರಾಜ್ಯಗಳ ನಡುವೆ ಬಹಳ ವರ್ಷಗಳಿಂದ ವಾದ ನಡೆದಿದೆ. ಅದನ್ನು ತೀರ್ಮಾನಿಸುವವರು ಬೇರೆ ಇದ್ದಾರೆ. ಅದು ಮಠದ ಕೆಲಸವಲ್ಲ. ನಾವು ಹೇಳುವುದು ಇಷ್ಟು: ನೀರು ನಮ್ಮದು ಎಂದು ಕೇಳುವ ಬಾಯಿಗೆ, ಮಣ್ಣು ನಮ್ಮದು ಎಂದು ತಡೆಯುವ ಕೈಯೂ ಇರಬೇಕು.

ಹನ್ನೆರಡನೆಯ ಶತಮಾನದ ಸಿದ್ಧರಾಮೇಶ್ವರರನ್ನು ನೆನೆಯಿರಿ. ಈಗ ಸೊಲ್ಲಾಪುರ ಎಂದು ಕರೆಯುವ ಸೊನ್ನಲಿಗೆಯಲ್ಲಿ ಅವರು ನೂರಾರು ಜನರನ್ನು ಕೂಡಿಸಿಕೊಂಡು ಕೆರೆ ಕಟ್ಟಿಸಿದರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಹೊರಗಿನ ಕೆರೆಯ ಜೊತೆಗೆ ಒಳಗಿನ ಕೆಲಸವನ್ನೂ ಅವರಿಗೆ ನೆನಪಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ನಮಗೆ ಎರಡೂ ಬೇಕು. ಒಳಗೆ ಅಗೆಯುವುದನ್ನು ಬಿಟ್ಟು ಹೊರಗೆ ಮಾತ್ರ ಅಗೆದರೆ ಅಹಂಕಾರ ಬರುತ್ತದೆ. ಹೊರಗಿನದನ್ನು ಬಿಟ್ಟು ಒಳಗೆ ಮಾತ್ರ ಎಂದರೆ ಅದು ಮೈಗಳ್ಳತನಕ್ಕೆ ನೆಪವಾಗುತ್ತದೆ.

ಆದುದರಿಂದ ನಿಮ್ಮಲ್ಲಿ ಮೂರು ಭಿಕ್ಷೆ ಬೇಡುತ್ತೇವೆ. ಮಠಕ್ಕೆ ಕಾಣಿಕೆ ಬೇಡ. ಇವನ್ನು ಕೊಟ್ಟರೆ ಸಾಕು. ಒಂದು, ಇಳಿಜಾರಿಗೆ ಅಡ್ಡಲಾಗಿ ಉಳಿ. ಎತ್ತಿಗೂ ಟ್ರ್ಯಾಕ್ಟರಿಗೂ ಈ ಮಾತು ಒಂದೇ. ಎರಡು, ನೆರೆಯವನ ಜೊತೆ ಸೇರಿ ಬದುವನ್ನು ಗಟ್ಟಿ ಮಾಡಿ, ಅದರ ಮೇಲೆ ಹುಲ್ಲು ಬೆಳೆಸಿ, ಹೊಂಗೆ ನೆಡಿ. ಬದು ಹಂಚಿಕೊಳ್ಳಲಿಕ್ಕೆ ಮಾತ್ರ ಇರುವುದಲ್ಲ, ಕಾಪಾಡಲಿಕ್ಕೂ ಇರುವುದು. ಮೂರು, ಬೇಸಿಗೆಯಲ್ಲಿ ಊರ ಕೆರೆ ಬತ್ತಿದಾಗ ಹಿಂದಿನವರಂತೆ ಕೆರೆಗೋಡನ್ನು ಹೊಲಕ್ಕೆ ಹೊಡೆಯಿರಿ. ಅದು ನಿಮ್ಮದೇ ಮಣ್ಣು. ಮುನಿಸಿಕೊಂಡು ಹೋದದ್ದನ್ನು ಮನೆಗೆ ಕರೆತಂದಂತೆ. ಹೊಲಕ್ಕೂ ಬಲ ಬರುತ್ತದೆ, ಕೆರೆಗೂ ಹೊಟ್ಟೆ ಬರುತ್ತದೆ. ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ; ಊರು ಕೂಡಿದರೆ ಒಂದು ವಾರದ ಕೆಲಸ.

ಮಲಪ್ರಭೆಯ ಒಂದು ಮಾತು ಹೇಳಿ ಮುಗಿಸುತ್ತೇವೆ. ಬೆಳಗಾವಿ ಜಿಲ್ಲೆಯ ಸವದತ್ತಿಯ ಬಳಿ ನವಿಲುತೀರ್ಥವೆಂಬ ಕಡೆ ಮಲಪ್ರಭೆಗೆ ಗುಡ್ಡದ ಸಾಲು ಅಡ್ಡ ಬಂದಿತ್ತು. ಆ ಹೊಳೆ ಗುಡ್ಡವನ್ನೇ ಸೀಳಿ ಕಿರಿದಾದ ಕಮರಿ ಮಾಡಿಕೊಂಡು ಮುಂದೆ ಹೋಯಿತು. ಹೋದದ್ದು ಎಲ್ಲಿಗೆ? ಕೃಷ್ಣೆಯನ್ನು ಕೂಡಲು, ಬಸವಣ್ಣನವರು ವಿದ್ಯೆ ಕಲಿತ, ಅವರ ಐಕ್ಯಸ್ಥಳವಾದ ಕೂಡಲಸಂಗಮಕ್ಕೆ. ಗುಡ್ಡದ ಮೇಲೆ ಅದಕ್ಕೆ ದ್ವೇಷವಿರಲಿಲ್ಲ. ಕೂಡಬೇಕೆಂಬ ಹಂಬಲವಿದ್ದುದರಿಂದ ಅಡ್ಡ ಬಂದುದನ್ನು ಸವೆಸಿತು. ನಿಮ್ಮ ಹೇಮಾವತಿಯೂ ಹಾಗೆಯೇ ಕಾವೇರಿಯಲ್ಲಿ ತನ್ನ ಹೆಸರನ್ನು ಬಿಟ್ಟು ಮೇಕೆದಾಟಿನ ಬಂಡೆಯನ್ನು ಕೊರೆಯುತ್ತಾಳೆ. ಅಲ್ಲಿಯ ಕೆಲಸದಲ್ಲಿ ಅವಳ ಪಾಲಿದೆ ಎಂದು ಯಾರೂ ಹೇಳುವುದಿಲ್ಲ, ಅವಳೂ ಕೇಳುವುದಿಲ್ಲ.

ನಿಮ್ಮ ಮನದ ಬಂಡೆಯಲ್ಲಿ ಶಿವನ ಕಡೆಗೆ ಹಾದಿ ಕೊರೆಯಲಿ. ನಿಮ್ಮ ಮನೆಯೊಳಗೆ, ನಿಮ್ಮ ಕೇರಿಕೇರಿಗಳ ನಡುವೆ, ನಿಮ್ಮ ಹೊಲದಲ್ಲಿ ಕಮರಿ ಬೀಳದಿರಲಿ. ಮಳೆ ಬೆಳೆ ಚೆನ್ನಾಗಿ ಆಗಲಿ, ಕೆರೆಕಟ್ಟೆ ತುಂಬಲಿ, ಮಕ್ಕಳುಮರಿ ಸುಖವಾಗಿರಲಿ ಎಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.